ವಾದ ಗೆದ್ದ ನಮ್ಮಣ್ಣ

ನಾ ಚಿಕ್ಕೋಡ್ಯಾಗ ಕಾಲೇಜ ಹುಡುಗರಿಗೆ ರಾಜ್ಯಶಾಸ್ತ್ರ ಕಲಿಸಾಕಿ. ಒಂದು ದೇಶದಾಗ ಒಳಜಗಳ ಹತ್ತಿದಾಗ ಹೊರಗಿನ ಸೈನ್ಯಾ ನಡುವ ಕೈ ಹಾಕಿದ್ರ ಏನಾಗ್ತೈತಿ ಅನ್ನೂ ಪಾಠ ವರ್ಷಾ ಬರ್ತೈತಿ, ವರ್ಷಾ ಹೇಳ್ತೀನಿ. ಅಫ್ಘಾನಿಸ್ತಾನದಾಗ ಇಪ್ಪತ್ತು ವರ್ಷ ಕುಂತ್ರು, ಕಡೀಕ ಯಾರನ್ನ ಓಡಸಾಕ ಹೋಗಿದ್ರೋ ಅವರ ಕೈಯಾಗ ದೇಶಾ ಇಟ್ಟು ಎದ್ದು ಬಂದ್ರು. ಲಿಬಿಯಾದಾಗ ಮ್ಯಾಲಿಂದ ಬಾಂಬ್ ಹಾಕಿ ಕುರ್ಚಿ ಮ್ಯಾಲಿದ್ದಾಂವನ್ನ ಇಳಿಸಿದ್ರು, ಮುಂದ ಯಾರು ಕುಂಡರಬೇಕು ಅಂತ ಯಾರೂ ವಿಚಾರ ಮಾಡಲಿಲ್ಲ. ಹಿಂಗ ಹೇಳ್ಕೋತ ಹೋಗ್ತೀನಿ. ಹುಡುಗರು ಬರಕೋತಾರ, ಪರೀಕ್ಷಾದಾಗ ಬರೀತಾರ, ಹೊರಗ ಬಂದು ವಡಾಪಾವ್ ತಿಂದು ಮರೀತಾರ. ನಂದೂ ಏನು ಹೆಚ್ಚಿಂದಲ್ಲ, ಗಂಟಿ ಹೊಡೀತಂದ್ರ ಡಸ್ಟರ್ ಇಟ್ಟು ಚಾ ಕುಡ್ಯಾಕ ಓಡಾಕಿ. ಆ ಪಾಠ ನಮ್ಮ ತವರಮನಿ ಕಟ್ಟಿ ಏರಿ ಬಂದು ಕುಂಡರತೈತಿ ಅಂತ ನಾ ಕನಸಿನ್ಯಾಗೂ ಅಂದ್ಕೊಂಡಿರಲಿಲ್ಲ.

ತವರಮನಿ ಇರೂದು ಅಥಣಿ ಕಡೆ ಒಂದು ಹಳ್ಳ್ಯಾಗ. ನಮ್ಮಣ್ಣ ಅಲ್ಲೆ ದ್ರಾಕ್ಷಿ ತೋಟ ಮಾಡ್ಯಾನ. ಹರೇದಾಗ ಮಿಲ್ಟ್ರಿ ಒಳಗಿದ್ದ. ಶ್ರೀಲಂಕಾದ ಜಗಳಾ ಬಗೀಹರಸ್ತೀವಿ ಅಂತ ನಮ್ಮ ದೇಶದವರು ಸೈನ್ಯಾ ಕಳಿಸಿದ್ರಲ್ಲ, ಅದ್ರಾಗ ಇಂವನೂ ಹೋಗಿದ್ದ. ತಿರುಗಿ ಬಂದ ಮ್ಯಾಲೆ ಊರ ಮಂದಿ "ಲಂಕಾದಂವ" ಅಂತ ಹೆಸರಿಟ್ರು. ಇವತ್ತಿಗೂ ಬಸ್ ಸ್ಟ್ಯಾಂಡಿನ್ಯಾಗ ನಿಂತು "ಲಂಕಾದವರ ಮನಿ ಎಲ್ಲೈತ್ರಿ?" ಅಂತ ಕೇಳಿದ್ರ ಸೀದಾ ನಮ್ಮ ಅಂಗಳಕ್ಕ ತಂದು ಬಿಡ್ತಾರ. ಆದ್ರ ಲಂಕಾ ಸುದ್ದಿ ಅವನ ಬಾಯಾಗ ಎಂದೂ ಬರಲಿಲ್ಲ. ನಮ್ಮವ್ವ ಇದ್ದಾಗ ಕೇಳಿ ಕೇಳಿ ಸಾಕಾದ್ಲು. "ತೆಂಗಿನ ಗಿಡಾ ಭಾಳ ಅದಾವ ಬೇ ಯವ್ವಾ ಅಲ್ಲೆ" ಅಂತಿದ್ದ, ಅಷ್ಟ. ಮುಗೀತು ಅವನ ಯುದ್ಧದ ಕಥಿ.

ಅವನ ಮಗಾ ಅಪ್ಪಗ ಪೂರಾ ಉಲ್ಟಾ. ಬಾಯಂದ್ರ ಬಾಯಿ. ಊಟಕ್ಕ ಕುಂತ್ರ ಬ್ಯಾಳಿ ಆಮಟಿಗೆ ಬೆಲ್ಲಾ ಹಾಕಬೇಕೋ ಬ್ಯಾಡೋ ಅನ್ನೂದಕ್ಕೂ ಎರಡು ಪಾರ್ಟಿ ಮಾಡಿ ವಾದಾ ಹಚ್ಚಾಂವ. ವಾದಾ ಗೆದ್ದ ಅಂದ್ರ ಆಚೆ ಕಡೆ ಹಾರಿ ಅದನ್ನೂ ಗೆದ್ದು ತೋರಸಾಂವ. ಸಣ್ಣಾಂವ ಇದ್ದಾಗ ನಾ ಎರಡೇಟು ಹಾಕಿ ಬಾಯಿ ಮುಚ್ಚಿಸೀನಿ, ಮುಚ್ಚಿದ ಬಾಯಿಂದನ "ಹೊಡೀಬಾರದು ಅಂತ ಕಾಯ್ದೆ ಐತಿ, ಅತ್ಯಾ" ಅಂತಿದ್ದ. ಅಪ್ಪ ಬ್ಯಾಡ ಅಂದ್ರೂ ಅದನ್ನೂ ವಾದಾ ಮಾಡಿ ಗೆದ್ದು ತಾನೂ ಮಿಲ್ಟ್ರಿ ಸೇರಿದ.

ಎರಡು ವರ್ಷದ ಹಿಂದ, ದ್ರಾಕ್ಷಿ ಒಣಗಿಸೂ ಹಂಗಾಮಿನ್ಯಾಗ, ವೈನಿ, ಅಣ್ಣನ ಹೆಂಡ್ತಿ, ಫೋನ್ ಮಾಡಿದ್ರು. ವೈನಿ ಕಾಗವಾಡದವರು, ಗಾಬರಿ ಆದ್ರ ಮರಾಠಿ ಸುರು ಮಾಡ್ತಾರ.

"ಕಾಯ್‌ತರೀ ಕರಾ ಹೋ, ಏನರ ಮಾಡ್ರಿ ನೀವು! ಮುಂಜಾನೆದ್ರ ಅಪ್ಪ ಮಗಂದು ಭಾಂಡಣ, ಜಗಳಾ. ನಿಮ್ಮಣ್ಣ ಒದರೂದು ನಾ ಲಗ್ನಾಗಿ ಬಂದಾಗಿಂದ ಇದ ಮೊದಲ ನೋಡಾಕತ್ತೀನಿ."

ಆಗಿದ್ದಿಷ್ಟ. ಆಫ್ರಿಕಾದಾಗ ಒಂದು ದೇಶ, ಅಲ್ಲಿ ಮಂದಿ ತಮ್ಮತಮ್ಮೊಳಗ ಕೊಚ್ಚಿಕೊಳ್ಳಾಕತ್ತಾರ. ಹಲವು ದೇಶದ ಸೈನಿಕರನ್ನ ಕೂಡಿಸಿ ಶಾಂತಿ ಕಾಯೂ ಪಡೆ ಅಂತ ಮಾಡಿ ಅಲ್ಲಿಗೆ ಕಳಸ್ತಾರ. ಆ ದೇಶದ ಹೆಸರು ಬರೀಬ್ಯಾಡ ಅಂತ ಹುಡುಗ ಅಂದಾನ, ಬರೆಯೂದಿಲ್ಲ. ರಜಾಕ್ಕ ಬರೂ ಮುಂಚೇನ ಅಂವ ತಾನಾಗೇ ಆ ಪಡೆಗೆ ತನ್ನ ಹೆಸರು ಕೊಟ್ಟಿದ್ದ, ಆಯ್ಕೆನೂ ಆಗಿತ್ತು. ನಮ್ಮ ಕಡೆ ಇದು ದೊಡ್ಡ ನಸೀಬಂತ. ನಮ್ಮಣ್ಣ ಮಾತ್ರ ಒಂದ ಮಾತು ಹಿಡದು ಕುಂತಿದ್ದ: ಹೆಸರು ಹಿಂದ ತಗೋ. ಮನ್ಯಾಗ ಅಡಚಣಿ ಐತಿ ಅಂತ ಬರದು ಕೊಟ್ರ ಬ್ಯಾರೆಯವನ್ನ ಕಳಸ್ತಾರ, ಇನ್ನೂ ವ್ಯಾಳ್ಯಾ ಐತಿ.

ರಾಯಬಾಗದಾಗ ಬಸ್ ಬದಲಿ ಮಾಡಿ ಹೋದೆ. ಸೀದಾ ತೋಟಕ್ಕ. ದ್ರಾಕ್ಷಿಗೊನಿ ಔಷಧದ ನೀರಾಗ ಅದ್ದಿ ಶೆಡ್ಡಿನ ಜಾಳಿಗಿ ಮ್ಯಾಲೆ ಹರವೂ ದಗದಾ ನಡದಿತ್ತು. ಒಂದು ಜಾಳಿಗಿ ಈ ಕಡೆ ಅಪ್ಪ, ಆ ಕಡೆ ಮಗಾ. ಇಬ್ಬರ ಕೈಯೂ ಒಂದ ತಾಳಕ್ಕ ಹರವಾಕತ್ತಿದ್ವು, ಬಾಯಿ ಮಾತ್ರ ಕುಸ್ತಿ ಹಿಡದಿದ್ವು. ದಗದಕ್ಕ ಬಂದಿದ್ದ ಹೆಣ್ಣಮಕ್ಕಳು ಸೆರಗು ಬಾಯಿಗೆ ಹಿಡಕೊಂಡು ನಗಾಕತ್ತಿದ್ರು.

"ಯಾರೂ ಹೋಗಲಿಲ್ಲಂದ್ರ ಏನಾಗ್ತೈತಿ ಹೇಳು," ಅಂತ ಮಗಾ. "ರುವಾಂಡಾದಾಗ ಏನಾತು? ಇದ್ದ ಪಡ್ಯಾಗಿನ ಹೆಚ್ಚಿನವರನ್ನೂ ಹಿಂದ ಕರಸ್ಕೊಂಡ್ರು. ಲಕ್ಷಗಟ್ಟಲೆ ಮಂದಿ ಸತ್ರು. ಜಗತ್ತು ಕೈಕಟ್ಟಿ ನೋಡ್ತು. ಅದು ಚಲೋನು?"

"ಚಲೋ ಅಂತ ಯಾರು ಅಂದ್ರಲೇ?"

"ಮತ್ತ ಎಪ್ಪತ್ತೊಂದರಾಗ? ಬಾಂಗ್ಲಾದೇಶಕ್ಕ ನಮ್ಮವರು ಹೋಗದಿದ್ರ?"

ಅಣ್ಣ ಗೊನಿ ಕೆಳಗಿಟ್ಟ. "ಅಲ್ಲೆ ಏನಾಗಬೇಕು ಅಂತ ಅಲ್ಲಿ ಮಂದೀನ ಮೊದಲ ಠರಾಯಿಸಿದ್ರು. ನಮ್ಮವರು ಹೋದ್ರು, ಕೆಲವ ತಿಂಗಳದಾಗ ತಿರುಗಿ ಬಂದ್ರು. ನಾ ಹೋದಲ್ಲೆ ಹಂಗಿರಲಿಲ್ಲ. ನಾವು ಬಂದಿದ್ದು ಯಾರ ಪರ ಅಂತ ನಮಗ ಗೊತ್ತಿರಲಿಲ್ಲಲೇ. ಮೊದಲ ದಿನಾ ಮಾಲಿ ಹಾಕಿದ್ರು. ಒಬ್ಬಾಕಿ ಮುದುಕಿ ನನ್ನ ಗಲ್ಲಾ ಹಿಡದು ಎಳನೀರು ಕುಡಿಸಿದ್ಲು. ಅಲ್ಲಿ ತಮಿಳ ಹುಡುಗರ ಬಂದೂಕು ಕಸಗೋರಿ ಅಂತ ಹುಕುಂ ಬಂತು, ಕಸಗೊಳ್ಳಾಕ ಹೋದ್ವಿ, ಯಾರನ್ನ ಕಾಯಾಕ ಹೋಗಿದ್ವೋ ಅವರ ಜೋಡಿನ ಗುಂಡು ಹಾರಿಸಿದ್ವಿ. ಮುಂದ ಅದ ಓಣ್ಯಾಗ ಗಸ್ತಿಗೆ ಹೋದ್ರ ಆ ಮುದುಕಿ ನನ್ನ ನೋಡಿ ಮೊಮ್ಮಗನ್ನ ಎಳಕೊಂಡು ಒಳಗ ಓಡಿದ್ಲು. ಕಡೀಕ ಕರದ ಸರಕಾರನ ಹೊಂಡ್ರಿ ಅಂತು. ಬಂದ್ವಿ."

ಅಷ್ಟು ವರ್ಷ ತೆಂಗಿನ ಗಿಡದ ಹಿಂದ ಇಷ್ಟೆಲ್ಲಾ ಮುಚ್ಚಿಟ್ಟಿದ್ದ, ನಮ್ಮವ್ವ ಇದು ತಿಳೀದನ ಸತ್ತು ಹೋದ್ಲು. ಹುಡುಗ ಕೈಯಾಗಿನ ಗೊನಿ ಹರವಿ ಮುಗಿಸಿದ. ಆದ್ರ ಅವನ ಬಾಯಿ, ಎಷ್ಟೊತ್ತು ಗಪ್ಪಿದ್ದೀತು!

"ನಿಮ್ಮದು ಬ್ಯಾರೆ, ನಮ್ಮದು ಬ್ಯಾರೆ ಅಪ್ಪಾ. ನಾವು ಯಾರ ಪರಾನೂ ಅಲ್ಲ. ನಡುವ ನಿಂದ್ರಾವರು."

"ನಡುವ ನಿಂದ್ರಾವಗ ಎರಡೂ ಕಡಿಂದ ಗುಂಡು ಬರ್ತಾವ."

"ಬರಲಿ. ಅವು ಮಂದಿಗೆ ಬೀಳೂದು ತಪ್ಪೀತಲ್ಲ!"

ಇಲ್ಲೆ ನಾ ಶಾಣ್ಯಾತನಾ ಮಾಡಾಕ ಹೋದೆ. ಹುಡುಗಗ ಸೋಮಾಲಿಯಾದಾಗ ಹೊರಗಿನವರು ಸೋತು ಎದ್ದು ಬಂದ ಸುದ್ದಿ ಹೇಳ್ದೆ, ಅಣ್ಣಗ ಸಿಯೆರಾ ಲಿಯೋನದಾಗ ಹೊರಗಿನವರು ಹೋಗಿ ಜಗಳಾ ನಿಲ್ಲಿಸಿದ್ದು ಹೇಳ್ದೆ. ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ, ನ್ಯಾಯಾ ಸಮ ಮಾಡಿದಂಗ. ಇಬ್ಬರೂ ಕೂಡಿ ನನ್ನ ಮ್ಯಾಲೆ ತಿರುಗಿದ್ರು ನೋಡ್ರಿ. "ನೀ ಬೋರ್ಡಿನ ಮ್ಯಾಲೆ ಯುದ್ಧಾ ಮಾಡಾಕಿ, ಸುಮ್ಮಕಿರು ಅತ್ಯಾ" ಅಂತ ಮಗಾ. "ನಿನ್ನ ಕರದವರ್ಯಾರು ಬೇ?" ಅಂತ ಅಪ್ಪ. ಕರದಿದ್ದ ವೈನಿ ಚಾ ತರ್ತೀನಿ ಅಂತ ಎದ್ದು ಹೋದ್ರು. ಅಯ್ಯ, ಹಾಳಾಗಿ ಹೋಗ್ರಿ ಅಂತ ನಾನೂ ಗೊನಿ ಹರವ್ಕೋತ ಕುಂತೆ.

ಮರುದಿನ ಹುಡುಗ ಗಾಡಿ ಮ್ಯಾಲೆ ನನ್ನ ಬಸ್ಸಿಗೆ ಬಿಡಾಕ ಬಂದ. ದಾರ್ಯಾಗ ಕಬ್ಬಿನ ಟ್ರ್ಯಾಕ್ಟರ ಅಡ್ಡ ಸಿಕ್ಕು ನಿಲ್ಲಬೇಕಾತು. ಹೊಳ್ಳಿ ನೋಡದ ಅಂದ:

"ಅತ್ಯಾ, ಅಪ್ಪ ಅಷ್ಟು ಮಾತಾಡಿದ್ದು ನಾ ಎಂದೂ ಕೇಳಿರಲಿಲ್ಲ. ರಾತ್ರೆಲ್ಲಾ ನಿದ್ದಿ ಹತ್ತಲಿಲ್ಲ. ಅಂವ ಇನ್ನೊಂದು ಸಲ ಕುಂತು ಹೇಳಿದ್ರ ನಾ ಹೆಸರು ಹಿಂದ ತಗೋತೀನಿ. ವಾದಾ ಮಾಡೂದಿಲ್ಲ."

ನನ್ನ ಜೀವಕ್ಕ ಎಷ್ಟು ಸಮಾಧಾನ ಆತು! ಬಸ್ಸಿನ್ಯಾಗ ಕುಂತಾಕಿನ ಅಣ್ಣಗ ಫೋನ್ ಹಚ್ಚಿದೆ. ಹುಡುಗ ಮೆತ್ತಗಾಗ್ಯಾನ, ಇನ್ನೊಮ್ಮೆ ಹೇಳು, ಒದರಬ್ಯಾಡ, ಪ್ರೀತಿಲೆ ಹೇಳು ಅಂದೆ. "ಹೂಂ, ಮಾಲು ಶೆಡ್ಡಿಗೆ ಏರಿದ ಮ್ಯಾಲೆ ಕುಂತು ಹೇಳ್ತೀನಿ" ಅಂದ. ಅವನ ದನಿ ಹಗುರಾಗಿತ್ತು.

ಅಷ್ಟ್ರಾಗ ನಮ್ಮೂರ ತರುಣ ಮಂಡಳ ಎದ್ದು ಕುಂತಿತ್ತು. ನಮ್ಮ ಕಡೆ ಒಂದು ರೂಢಿ ಐತಿ. ಯಾರರ ದೊಡ್ಡ ಕೆಲಸಾ ಮಾಡಿ ಬಂದ್ರ ಸತ್ಕಾರ ಮಾಡ್ತಾರ: ಶಾಲು, ಹಾರ, ತಲಿಗೆ ಸುತ್ತೂ ಫೇಟಾ. ಅದು ಚಲೋ ರೂಢಿನ. ಆದ್ರ ಈಗೀಗ ಮಾಡಿ ಬಂದ ಮ್ಯಾಲೆ ಅಲ್ಲ, ಹೋಗೂ ಮೊದಲ ಸುತ್ತಿ ಬಿಡ್ತಾರ. ಪರೀಕ್ಷಾಕ್ಕ ಕುಂಡರೂ ಮೊದಲ ಸತ್ಕಾರ, ಚುನಾವಣಿಗೆ ನಿಂದ್ರೂ ಮೊದಲ ಸತ್ಕಾರ. ಒಮ್ಮೆ ಫೇಟಾ ತಲಿ ಮ್ಯಾಲೆ ಬಿತ್ತಂದ್ರ ಆ ಮನಿಶಾಗ ಹಿಂದ ಸರಿಯಾಕ ದಾರಿ ಇಲ್ಲ. ಸರದ್ರ ಸಾಯೂತನಕ ಊರು ಆಡ್ಕೋತೈತಿ.

ಹುಡುಗಗೂ ಕೇಳಲಿಲ್ಲ, ನಮ್ಮಣ್ಣಗೂ ಕೇಳಲಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಫ್ಲೆಕ್ಸ್ ಏರಿತು. ನಡುವ ಹುಡುಗನ ಫೋಟೊ, ಹಿಂದ ಭೂಗೋಲ, ಮ್ಯಾಲೆ ಪಾರಿವಾಳ. "ವಿಶ್ವಶಾಂತಿಗಾಗಿ ಹೊರಟ ನಮ್ಮೂರ ಹುಲಿ." ಕೆಳಗ ಮೂಲ್ಯಾಗ ನಮ್ಮಣ್ಣಂದು ಹರೇದ ಫೋಟೊ, ಎಲ್ಲಿಂದ ತಂದಿದ್ರೋ ಏನೋ, ಅದರ ಬುಡಕ "ಲಂಕಾ ವೀರ". ವೈನಿ ಅದರ ಫೋಟೊ ತಗದು ನನಗ ಕಳಿಸಿದ್ರು. ನೋಡಿ ನನ್ನ ತಲಿ ಕೆಟ್ಟು ಮಸರ ಗಡಿಗಿ ಆತು. ಹುಲಿ ಅಂತ ಹುಲಿ! ಶಾಂತಿ ಕಾಯಾಕ ಹುಲಿ ಕಳಸಾವರು ನಮ್ಮೂರವರಷ್ಟ ಇರಬೇಕು.

ಐತವಾರ ಗುಡಿ ಮುಂದ ಪೆಂಡಾಲ ಹಾಕಿದ್ರು. ನಾನೂ ಹೋಗಿದ್ದೆ, ಹೆಣ್ಣಮಕ್ಕಳ ಸಾಲಿನ್ಯಾಗ ಮುಂದ ಕುಂತಿದ್ದೆ. ಭಾಷಣಾ ಮ್ಯಾಲೆ ಭಾಷಣಾ. ಅಲ್ಲಿ ಜಗಳಾ ಯಾರ್ಯಾರ ನಡುವ ಐತಿ ಅಂತ ವೇದಿಕಿ ಮ್ಯಾಲಿದ್ದ ಒಬ್ಬಗೂ ಗೊತ್ತಿರಲಿಲ್ಲ, ಆದ್ರ ನಮ್ಮ ಹುಡುಗ ಹೋದ ಕೂಡ್ಲೆ ನಿಲ್ತೈತಿ ಅನ್ನೂದು ಎಲ್ಲಾರಿಗೂ ಖಾತ್ರಿ ಇತ್ತು. ಹುಡುಗ ಕುರ್ಚ್ಯಾಗ ತಲಿ ತಗ್ಗಿಸಿ ಕುಂತಿದ್ದ. ಆಮ್ಯಾಲೆ ನಿಪ್ಪಾಣಿಯಿಂದ ತರಿಸಿದ್ದ ಕೇಸರಿ ಫೇಟಾ ತಾಟಿನ್ಯಾಗ ಬಂತು. ಮೈಕಿನಾಂವ ಒದರಿದ: "ಮಗನ ತಲಿಗೆ ಫೇಟಾ ಕಟ್ಟಾಕ ಲಂಕಾ ವೀರ ತಂದೆಯವರು ವೇದಿಕಿಗೆ ಬರಬೇಕು!"

ಚಪ್ಪಾಳಿ. ನಮ್ಮಣ್ಣ ಎಲ್ಲಾರಕಿಂತ ಹಿಂದ, ಕಂಬಕ್ಕ ಆತು ನಿಂತಿದ್ದ. ಹೋಗಬ್ಯಾಡ ಅಣ್ಣಾ, ಹೋಗಬ್ಯಾಡ ಅಂತ ನಾ ಮನಸ್ಸಿನ್ಯಾಗ ಬಡಕೊಂಡೆ. ಮಂದಿ ದಾರಿ ಬಿಟ್ರು. ಅಂವ ನಡಕೊಂಡು ಬಂದ, ಪಾಯರಿ ಏರಿದ, ಫೇಟಾ ಬಿಚ್ಚಿ ಒಂದು ತುದಿ ಹಲ್ಲಾಗ ಹಿಡದ. ಹುಡುಗ ತಲಿ ಬಗ್ಗಿಸಿದ. ಒಂದೊಂದ ಸುತ್ತು ಹಾಕಿ, ನೆರಿಗಿ ಕೂಡಿಸಿ, ಛಂದ ಕಟ್ಟಿದ. ನಡುವ ಬಗ್ಗಿ ಮಗನ ಕಿವ್ಯಾಗ ಏನೋ ಅಂದ. ಮಗಾ ಇಲ್ಲ ಅಂತ ಗೋಣು ಅಲ್ಲಾಡಿಸಿದ.

ಮನಿಗೆ ಬಂದ ಮ್ಯಾಲೆ ನಾ ಹರಿಹಾಯ್ದೆ. "ಯಾಕ ಕಟ್ಟಿದಿ? ನಿನ್ನ ಕೈ ಯಾಕ ಬಂತು? ಇನ್ನೊಂದು ಮಾತು ಹೇಳಿದ್ರ ಅಂವ ನಿಂದ್ರತಿದ್ದ!"

"ಏನ ಮಾಡ್ಲಿ ಬೇ? ಇಡೀ ಊರು ಕುಂತಿತ್ತು. ನಾ ಒಲ್ಲೆ ಅಂದ್ರ ಮಗಾ ಅಂಜಿ ಹಿಂದ ಸರದ ಅಂತಾರ. ಅಂವ ಈ ಊರಾಗ ಬಾಳೇವು ಮಾಡಬೇಕಲ್ಲ."

"ಕಿವ್ಯಾಗ ಏನಂದಿ?"

"ಬಿಗಿ ಆತೇನು ಅಂದೆ."

ನನಗ ಅಳು ಬಂತು. ಅಂವನೂ ಟಾವೆಲ್ಲಿನಿಂದ ಮುಖಾ ಒರಸ್ಕೊಂಡ. ದೊಡ್ಡ ದೊಡ್ಡ ದೇಶಗಳು ಎಲ್ಲಾ ಗೊತ್ತಿದ್ದೂ ಯಾಕ ಹೋಗ್ತಾವ, ಹೋದ ಮ್ಯಾಲೆ ಯಾಕ ಎದ್ದು ಬರೂದಿಲ್ಲ ಅಂತ ನನ್ನ ಹುಡುಗರು ಕ್ಲಾಸಿನ್ಯಾಗ ಕೇಳ್ತಾರ. ಎಣ್ಣಿ, ಗಡಿ, ವ್ಯಾಪಾರ ಅಂತ ಬೋರ್ಡ್ ತುಂಬ ಬರದು ತೋರಸ್ತೀನಿ. ಮಂದಿ ಏನಂತಾರ ಅನ್ನೂದನ್ನ ಯಾವ ಪುಸ್ತಕದಾಗೂ ಬರ್ದಿಲ್ಲ. ಇಷ್ಟ ಸಣ್ಣ ಮಾತಿಗೆ ಅಷ್ಟು ಮಂದಿ ಸಾಯ್ತಾರಂದ್ರ ನನಗ ನಂಬಾಕ ಆಗೂದಿಲ್ಲ, ಆದ್ರ ಆ ಮಾತಿಗೇ ಮನಿಶಾ ಹೊಂಡೂದನ್ನ ಅವತ್ತು ನಾ ಕಣ್ಣಾರೆ ನೋಡೀನಿ.

ಹುಡುಗ ಹೋದ. ಮೊದಮೊದಲು ದಿನಾ ವಿಡಿಯೊ ಕಾಲ್. ಅಲ್ಲಿ ಮಣ್ಣು ನಮ್ಮ ಜಮಖಂಡಿ ರಸ್ತೆಕಿಂತ ಕೆಂಪು, ಬಿಸಿಲು ನಮ್ಮಷ್ಟ. ಕ್ಯಾಂಪಿನ ಪಕ್ಕ ಒಂದು ಹಳ್ಳಿ ಇತ್ತಂತ, ಇವರು ಅಲ್ಲೆ ಶಾಲಿಗೆ ತಗಡು ಹೊದಿಸಿ ಕೊಟ್ರಂತ. "ನೋಡಪಾ, ಶಾಲಿ ಸುರು ಆತು! ಈಗ ಏನಂತಿ?" ಅಂತ ಅಲ್ಲಿಂದನೂ ವಾದಾ. ಅಣ್ಣ ಫೋನಿನ್ಯಾಗ ಕಣ್ಣಿಟ್ಟು ಆ ತಗಡು ನೋಡ್ತಿದ್ದ. "ತಗಡಿಗೆ ಮೊಳಿ ಕಡಿಮಿ ಹೊಡದಾರ" ಅಂತಿದ್ದ, ಆದ್ರ ಖುಷಿ ಆಗಿದ್ದು ನನಗ ಕಾಣ್ತಿತ್ತು. ನನಗೂ ಅನಸ್ತು, ಇದೊಂದು ಸಲ ಅಂವ ಸೋಲಲಿ ಶಿವನೇ, ನಮ್ಮಣ್ಣ ಈ ವಾದಾ ಸೋಲಲಿ ಅಂತ.

ಮುಂದ ಫೋನ್ ಕಡಿಮಿ ಆತು. ನೆಟ್‌ವರ್ಕ್ ಇಲ್ಲ ಅಂದ. ಆಮ್ಯಾಲೆ ವಾರಗಟ್ಟಲೆ ಏನೂ ಇಲ್ಲ. ನಮ್ಮ ಟಿವ್ಯಾಗ ಆ ದೇಶದ ಹೆಸರು ಬರೂದಿಲ್ಲ, ಕಣ್ಣಾಗ ಎಣ್ಣಿ ಹಾಕ್ಕೊಂಡು ಹುಡುಕಿದ್ರೂ ಕ್ರಿಕೆಟ್, ಕಬ್ಬಿನ ದರ, ರಾಜಕಾರಣಿಗಳ ಮದುವಿ. ವೈನಿ ಯಡೂರ ವೀರಭದ್ರಗ ಹರಕಿ ಹೊತ್ರು. ಮರುವರ್ಷ ದಸರಾ ಮುಂದ ಹುಡುಗ ಬಂದ. ಕೈಕಾಲು ನೆಟ್ಟಗ, ಮೈಮ್ಯಾಲೆ ಒಂದು ಗಾಯಾ ಇಲ್ಲ. ತರುಣ ಮಂಡಳದವರು ಮತ್ತ ಹಾರ ತಂದಿದ್ರು, ಹಾಕಿಸ್ಕೊಂಡ. ಏನು ಕೇಳಿದ್ರೂ ನಕ್ಕೋತ "ಚಲೋ ಆತ್ರಿ" ಅಂದ.

ಹರಕಿ ತೀರಸಾಕ ಎಲ್ಲಾರೂ ಯಡೂರಿಗೆ ಹೋದ್ವಿ. ವೈನಿ ಗುಡ್ಯಾಗ ಪಾಳಿ ಹಚ್ಚಿದ್ರು, ಅಣ್ಣ ಅವರ ಜೋಡಿ ನಿಂತ. ನಾನೂ ಹುಡುಗನೂ ಕೃಷ್ಣಾ ಹೊಳಿ ಪಾಯರಿ ಮ್ಯಾಲೆ ಕುಂತ್ವಿ. ಹೊಳಿ ತುಂಬಿತ್ತು. ಅಂವನ ಸುರು ಮಾಡಿದ.

"ಆ ಹಳ್ಳಿ ಮ್ಯಾಲೆ ದಾಳಿ ಬಂತು ಅತ್ಯಾ. ಮಂದಿ ನಮ್ಮ ತಂತಿಬೇಲಿಗೆ ಓಡಿ ಬಂದು ನಿಂತ್ರು. ಗೇಟ್ ತಗೀರಿ ಅಂತ. ಮ್ಯಾಲಿನ ಹುಕುಂ ಇಲ್ಲದ ತಗೀಬಾರದು, ಗುಂಡು ಹಾರಸಬಾರದು. ನಾವು ನಡುವ ನಿಂದ್ರಾವರಲ್ಲ. ಹುಕುಂ ಕೇಳಿದ್ವಿ, ಕಾದ್ವಿ. ಶಾಲಿ ಮಾಸ್ತರ ಇದ್ದ. ತಗಡು ಹೊದಸೂ ಮುಂದ ನಮಗ ನಿಚ್ಚಣಿಕಿ ಹಿಡದಾಂವ. ನನ್ನ ಹೆಸರು ಹಿಡದು ಕರದ."

"ಹುಕುಂ ಬರಲಿಲ್ಲೇನಪಾ?"

"ಬಂತು. ಗೇಟ್ ತಗದ್ವಿ. ಎಲ್ಲಾರೂ ಅಲ್ಲೇ ಬಿದ್ದಿದ್ರು."

ಹೊಳಿ ಕಡೆ ನೋಡ್ಕೋತ ಹೇಳಿದ, ಬ್ಯಾರೆ ಯಾರದೋ ಸುದ್ದಿ ಹೇಳಿದಂಗ. ನಾ ಅವನ ಕೈ ಹಿಡಕೊಂಡೆ. ಅಷ್ಟ್ರಾಗ ವೈನಿ ಪ್ರಸಾದ ಹಿಡಕೊಂಡು ಪಾಯರಿ ಇಳದು ಬಂದ್ರು. ಅಂವ ಎದ್ದು ಎರಡೂ ಕೈಯಿಂದ ಇಸಗೊಂಡ.

ಅಣ್ಣಗ ನಾ ಹೇಳಿದೆ, ಹೇಳದಿರಾಕ ಆಗಲಿಲ್ಲ. ಅಂವ ಪೂರಾ ಕೇಳೂ ಮೊದಲ ಸಾಕು ಅಂತ ಕೈ ಮಾಡಿದ. ಮಗಾ ಗಾಡಿ ಇಳದ ದಿನಾನ ಅವಗ ತಿಳದಿತ್ತಂತ.

ಮರುದಿನ ಬಳ್ಳಿ ಕತ್ತರಸೂ ದಗದಾ ಇತ್ತು. ಒಂದು ಸಾಲಿನ ಈ ಕಡೆ ಅಣ್ಣ, ಆ ಕಡೆ ಹುಡುಗ. ನಾ ಚಾದ ಕಿಟ್ಲಿ ಹಿಡಕೊಂಡು ಬದುವಿನ ಮ್ಯಾಲೆ ಕುಂತಿದ್ದೆ. ಎರಡೂ ಕತ್ರಿ ಕಚ್ ಕಚ್ ನಡದಿದ್ವು. ನಮ್ಮಣ್ಣ, ಎಂದೂ ತಾನಾಗಿ ಮಾತು ತಗೀದಾಂವ, ಗಂಟಲಾ ಸರಿ ಮಾಡ್ಕೊಂಡ.

"ಏನ ಅನ್ನಲೇ, ಯಾರರ ಹೋಗಬೇಕಾಗ್ತೈತಿ. ನೀ ಅಂದಿದ್ದ ಖರೆ. ಹಂಗ ಸುಮ್ಮ ಬಿಟ್ರ ಆ ಮಂದಿ ಗತಿ ಏನು?"

"ಹೌದಪಾ," ಅಂದ ಹುಡುಗ.

ಅಣ್ಣ ಒಂದೆರಡು ಕಡ್ಡಿ ಕತ್ತರಿಸಿದ. ನನ್ನ ಕಡೆ ನೋಡಿದ. ಆಚೆ ಕಡೆ ಹಾರಿ ಮತ್ತ ಸುರು ಮಾಡಿದ.

"ಇಲ್ಲಂದ್ರ ಹೋಗಬಾರದು. ಹೋಗೂದ ತಪ್ಪು. ಹೊರಗಿನವರಿಂದ ಏನೂ ಆಗೂದಿಲ್ಲ, ಮೊದಲಿಗೇ ಹೇಳಿದ್ನೋ ಇಲ್ಲೋ?"

"ಅದೂ ಖರೆ ಅಪ್ಪಾ."

"ಎರಡೂ ಹೆಂಗ ಖರೆ ಆಗ್ತಾವಲೇ?"

ಹುಡುಗ ಇನ್ನೊಂದು ಕಡ್ಡಿ ಕತ್ತರಿಸಿದ. ನಮ್ಮಣ್ಣನ ಕೈಯಾಗಿನ ಕತ್ರಿ ಕೆಳಗ ಬಿತ್ತು. ಬಳ್ಳಿ ಸಂದ್ಯಾಗಿಂದ ಕೈ ಹಾಕಿ ಮಗನ ತೋಳು ಹಿಡದ, ಸಣ್ಣ ಹುಡುಗನ್ನ ಅಲಗಾಡಿಸಿದಂಗ ಅಲಗಾಡಿಸಿದ. "ಜಗಳಾ ತಗೀಲೇ ನನ್ನ ಜೋಡಿ. ಬೈ ನನಗ. ಫೇಟಾ ಯಾಕ ಕಟ್ಟಿದಿ ಅಂತರ ಕೇಳು. ಏನರ ಒಂದು ತಿರುಗಿ ಅನ್ನಲೇ, ನಿನ್ನ ಕಾಲಿಗೆ ಬೀಳ್ತೀನಿ."

ಹುಡುಗ ಅಪ್ಪನ ಮುಖಾ ನೋಡಿದ. ಮೆಲ್ಲಕ ಆ ಕೈ ಬಿಡಿಸ್ಕೊಂಡ, ಬಗ್ಗಿ ಕತ್ರಿ ಎತ್ತಿ ಅಪ್ಪನ ಕೈಯಾಗಿಟ್ಟ.

"ಏನ ಅನ್ನೂದೈತಿ ಅಪ್ಪಾ," ಅಂದ, ಮುಂದಿನ ಬಳ್ಳಿಗೆ ಹೋದ.